ಗೋದಾಬಾಯಿಯ ಹುಳಿ

ತಮ್ಮ ಬಂಡು ಜಗತ್ ಸರ್ಕಲ್ಲಿನ ಹತ್ತಿರ ಖಾನಾವಳಿ ತೆಗೆದು, ಅದಕ್ಕೆ 'ಅವ್ವನ ಕೈರುಚಿ' ಎಂದು ಹೆಸರಿಟ್ಟು, ಬೋರ್ಡಿನ ಮೇಲೆ ತಾಯಿ ಗೋದಾಬಾಯಿಯ ಫೋಟೋ ಹಾಕಿಸಿದ ಸುದ್ದಿ ಕೇಳಿ ಚಂದ್ರಾಬಾಯಿ ಸೋಸುತ್ತಿದ್ದ ಮೆಂತ್ಯಸೊಪ್ಪು ಕೆಳಗಿಟ್ಟು ನಕ್ಕಳು. ಸುದ್ದಿ ತಂದವನು ಗಂಡ ಆನಂದತೀರ್ಥ. ಐವಾನ್-ಎ-ಶಾಹಿ ಬಡಾವಣೆಯ ಆ ಮನೆಯಲ್ಲಿ ಹೆಂಡತಿ ಹಾಗೆ ನಕ್ಕಾಗ ಸುಮ್ಮನಿರಬೇಕು ಎಂಬುದನ್ನು ಅವನು ಮದುವೆಯಾದ ಹೊಸತರಲ್ಲೇ ಕಲಿತಿದ್ದ.

"ಅವ್ವನ ಕೈರುಚಿ ಅಂತ!" ಎಂದಳು. "ಆ ರುಚಿ ಖರೇನ ಬಡಿಸಿದ್ರ ಮಂದಿ ಬೋರ್ಡಿಗೆ ಕಲ್ಲು ಒಗೀತಾರ."

ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಕಮಲಾಪುರದಲ್ಲಿ ಅಪ್ಪ ಸಾಲಿ ಮಾಸ್ತರರಾಗಿದ್ದಾಗ ಆ ಓಣಿಗೆಲ್ಲ ಗೋದಾಬಾಯಿಯ ಅಡುಗೆ ಗೊತ್ತಿತ್ತು. ಅವಳ ಹುಳಿಯಲ್ಲಿ ಬ್ಯಾಳಿ ತಳಕ್ಕೆ ಕೂತಿರುತ್ತಿತ್ತು, ನೀರು ಮೇಲೆ ನಿಂತಿರುತ್ತಿತ್ತು. ಎರಡಕ್ಕೂ ಪರಿಚಯವೇ ಇಲ್ಲ. ರೊಟ್ಟಿಯ ಅಂಚು ಕರಕು, ನಡುವೆ ಹಸಿ ಹಿಟ್ಟು. ಬದನೆಕಾಯಿ ಒಲೆಯ ಮೇಲಿಟ್ಟು ಹೊರಗೆ ಕಟ್ಟೆಗೆ ಹೋಗಿ ಕೂತಳೆಂದರೆ ಮಾತಿನ ಮೇಲೆ ಮಾತು. ಸೀದ ವಾಸನೆ ಪಕ್ಕದ ಮನೆಯವರಿಗೆ ಬಡಿದು, ಅವರು ಬಂದು ಹೇಳಿದ ಮೇಲೆ ಏಳುತ್ತಿದ್ದಳು. ಊರು ತುಂಬ ಕೆಂಪು ಬಾಳೆಹಣ್ಣು. ಉಳಿದವರ ಮನೆಯಲ್ಲಿ ಅದಕ್ಕೆ ಹಾಲು, ಏಲಕ್ಕಿ, ಸಕ್ಕರೆ ಹಾಕಿ ಶೀಕರಣಿ ಮಾಡಿದರೆ ಗೋದಾಬಾಯಿ ಹಣ್ಣನ್ನು ಹಾಗೇ ಎಲೆಯ ಮೇಲೆ ಇಟ್ಟು, "ಸುಲಕೊಂಡು ತಿನ್ರಿ, ಕೈ ಇಲ್ಲೇನು?" ಎನ್ನುತ್ತಿದ್ದಳು.

ಮಕ್ಕಳು ಹೊಟ್ಟೆ ತುಂಬ ಉಂಡದ್ದು ಅವಳು ತಿಂಗಳಿಗೊಮ್ಮೆ ಹೊರಗೆ ಕೂತಾಗ. ಆ ಮೂರು ದಿನ ಅಡುಗೆಮನೆ ಅಪ್ಪನದು. ನಸುಕಿನಲ್ಲಿ ಸ್ನಾನ ಮಾಡಿ, ಮಡಿ ಉಟ್ಟು, ಒಲೆ ಸಾರಿಸಿ, ಪೂಜೆಗೆ ಕೂತಷ್ಟೇ ಶ್ರದ್ಧೆಯಿಂದ ಕೂತು ಹುಳಿಪುಡಿ ಹುರಿಯುತ್ತಿದ್ದರು. ಕೊಬ್ಬರಿ ಕೆಂಪಾಗುವ ಮೊದಲೇ ಇಳಿಸಬೇಕು, ಇಂಗು ಎಣ್ಣೆಯಲ್ಲಿ ಅರಳಬೇಕು ಎಂದು ಬಾಗಿಲ ಬಳಿ ನಿಂತ ಚಂದ್ರಾಳಿಗೆ ಹೇಳಿಕೊಡುತ್ತಿದ್ದರು. ಅನ್ನ ಬಿಡಿಬಿಡಿ, ಮೇಲೆ ತುಪ್ಪದ ಹೊಳೆ. ಬಂಡುವಿಗೆ ಆರು ವರ್ಷ ಇದ್ದಾಗ ಮನೆಗೆ ಬಂದ ನೆಂಟರ ಎದುರಿಗೇ, "ಅಪ್ಪಾ, ಅವ್ವ ಮತ್ತ ಯಾವಾಗ ಹೊರಗ ಕೂಡ್ತಾಳ?" ಎಂದು ಕೇಳಿ ಬೆನ್ನಿಗೆ ಗುದ್ದು ತಿಂದಿದ್ದ.

ಅದೇ ಬಂಡು ಈಗ ಬೋರ್ಡು ಬರೆಸಿದ್ದ. ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ಅವರ ಒಂದು ಚಿತ್ರವೂ ಆ ಖಾನಾವಳಿಯಲ್ಲಿರಲಿಲ್ಲ.

ಚಂದ್ರಾಬಾಯಿ ಅಪ್ಪನ ಕೈಯಿಂದ ಅಡುಗೆ ಕಲಿತಳು, ಅದರ ಜೊತೆಗೆ ತಾಯಿಯನ್ನು ಕೀಳಾಗಿ ಕಾಣುವುದನ್ನೂ ಕಲಿತಳು. ಆಮೇಲೆ ಆ ದೃಷ್ಟಿ ಎಲ್ಲರ ಮೇಲೂ ಹರಡಿತು. ಅತ್ತೆ ಎಲ್ಲದಕ್ಕೂ ಬೆಲ್ಲ ಹಾಕುವವಳು, ನಾದಿನಿಗೆ ಒಗ್ಗರಣೆಯ ಹದ ತಿಳಿಯದು. ಮುಂಜಿ ಮದುವೆಗಳಲ್ಲಿ ಸಾರನ್ನು ಮೂಸಿ ನೋಡಿ ಎಲೆಯ ಅಂಚಿಗೆ ಸರಿಸಿಬಿಡುತ್ತಿದ್ದಳು. ಬಡಿಸುವವರು ಅವಳ ಪಂಕ್ತಿಗೆ ಬರಲು ಹಿಂಜರಿಯುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಖುಷಿಯೂ ಇತ್ತು.

ಖಾನಾವಳಿಗೆ ಒಮ್ಮೆ ಹೋಗಿ ಬಂದಳು. ಬಂಡುವಿನ ಹೆಂಡತಿ ಮೃದುಲಾ ಒಳಗೆ ಪಾಕೀಟಿನ ಪುಡಿಯನ್ನು ಕೊಳಗಕ್ಕೆ ಸುರಿಯುತ್ತಿದ್ದಳು. ಚಂದ್ರಾಬಾಯಿಯನ್ನು ಕಂಡು ಪಾಕೀಟು ಸೆರಗಿನ ಹಿಂದೆ ಮುಚ್ಚಿಟ್ಟಳು. ಗಲ್ಲಾಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಗೋದಾಬಾಯಿಯನ್ನು ಹೊಸ ಇಳಕಲ್ ಸೀರೆ ಉಡಿಸಿ ಕೂಡಿಸಿದ್ದರು. ಉಂಡವರು ಕೈ ತೊಳೆದು ಬಂದು ಅವಳ ಕಾಲು ಮುಟ್ಟುತ್ತಿದ್ದರು. ಎದುರಿನ ಮೇಜಿನ ದಪ್ಪ ಮನುಷ್ಯನೊಬ್ಬ ಹುಳಿ ಕಲಸಿದ ಅನ್ನ ಬಾಯಿಗಿಟ್ಟು ಕಣ್ಣೊರೆಸಿಕೊಂಡ. "ನಮ್ಮವ್ವನ ನೆನಪಾತು ನೋಡ್ರಿ," ಎಂದ. ನಿನ್ನವ್ವನೂ ಹಿಂಗ ಮಾಡತಿದ್ದಳೇನು ಪಾಪ, ಎಂದುಕೊಂಡು ಚಂದ್ರಾಬಾಯಿ ತಾಟು ಹಾಗೇ ಬಿಟ್ಟೆದ್ದಳು.

ಶ್ರಾವಣ ಮುಗಿದ ಮೇಲೆ ಒಂದು ದಿನ ಬಂಡುವಿನ ಫೋನು ಬಂತು.

"ಅಕ್ಕಾ, ನಾಳೆ ಅಫ್ಶೀನ್ ಅಂತ ಒಬ್ಬಾಕಿ ಕಾಲೇಜು ಹುಡುಗಿ ವಿಡಿಯೋ ಮಾಡ್ಲಿಕ್ಕೆ ಬರ್ತಾಳ. ಊರ ಊಟದ ಮ್ಯಾಲೆ ಚಾನೆಲ್ ನಡಸ್ತಾಳಂತ. ಅವ್ವ ಹುಳಿ ಮಾಡೋದು ತೋರಸಬೇಕು."

"ಮಾಡ್ಲಿ ಬಿಡು."

"ಅಕ್ಕಾ, ಚೇಷ್ಟಿ ಮಾಡಬ್ಯಾಡ. ನೀ ಒಳಗ ಮಾಡಿಡು, ಅವ್ವ ಬರೇ ಸೌಟು ಹಿಡಕೊಂಡು ನಿಂದರ್ತಾಳ."

ಅಪ್ಪನ ಹುಳಿ, ತನ್ನ ಕೈ, ಅವ್ವನ ಹೆಸರು! ಚಂದ್ರಾಬಾಯಿಯ ಮೈ ಉರಿಯಿತು. ಆದರೂ "ಬರ್ತೀನಿ" ಎಂದಳು. ಮರುದಿನ ಬೇಗ ಹೋಗಿ, ಖಾನಾವಳಿಯ ಅಡುಗೆಮನೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೈಕಟ್ಟಿ ಕೂತಳು. ಮೃದುಲಾ ಹೆದರುತ್ತ, "ಅಕ್ಕಾರ, ಬ್ಯಾಳಿ ಇಡ್ಲೇನ್ರಿ?" ಎಂದಳು.

"ನನ್ನ ಯಾಕ ಕೇಳ್ತಿ? ಬೋರ್ಡಿನ ಮ್ಯಾಲೆ ಯಾರಿದ್ದಾರ, ಅವರನ್ನ ಕೇಳು."

ಅಷ್ಟರಲ್ಲಿ ಅಫ್ಶೀನ್ ಬಂದೇಬಿಟ್ಟಳು. ರೋಜಾ ಬಡಾವಣೆಯ ಕಡೆಯ ಹುಡುಗಿ, ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ಫೋನು. ಬಂಡು ಹಲ್ಲು ಕಡಿಯುತ್ತ ತಾಯಿಯನ್ನು ಕರೆತಂದು ಒಲೆಯ ಮುಂದೆ ನಿಲ್ಲಿಸಿದ.

ಗೋದಾಬಾಯಿ ಹುಳಿ ಮಾಡಿದಳು. ಬ್ಯಾಳಿ ಬೇಯುವ ಮೊದಲೇ ಹುಣಸೆಹಣ್ಣು ಹಾಕಿದಳು. ಪುಡಿಯನ್ನು ಮುಷ್ಟಿಯಲ್ಲಿ ತೆಗೆದು ಎಸೆದಳು. ಒಗ್ಗರಣೆ ಕರ್ರಗಾಗುತ್ತಿದ್ದಾಗ ಹುಡುಗಿಯ ಅಪ್ಪನ ಕೆಲಸವೇನು, ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ವಿಚಾರಿಸುತ್ತಿದ್ದಳು. ಕಮಲಾಪುರದ ಹುಳಿ ಇದ್ದಂತೆಯೇ ಕೊಳಗದಲ್ಲಿ ಮತ್ತೆ ಹುಟ್ಟಿ ಬಂತು. ಚಂದ್ರಾಬಾಯಿಗೆ ಅಂಥ ಸಂತೋಷ ಬಹಳ ದಿನದಿಂದ ಆಗಿರಲಿಲ್ಲ.

ಅಫ್ಶೀನ್ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಮುಖ ಹುಳ್ಳಗಾದರೂ ನುಂಗಿ, ಫೋನಿನ ಕಡೆ ನೋಡಿ ನಕ್ಕಳು. "ಎಷ್ಟ ಮಸ್ತ್ ಅದ ಅಜ್ಜಿ!"

ಅದನ್ನು ಮಾತ್ರ ಚಂದ್ರಾಬಾಯಿಗೆ ಸಹಿಸಲಾಗಲಿಲ್ಲ. ಸ್ಟೂಲಿನಿಂದೆದ್ದಳು.

"ಯಾಕ ಸುಳ್ಳ ಹೇಳ್ತೀ ತಂಗಿ? ನಾಯಿನೂ ಮೂಸೋದಿಲ್ಲ ಅದನ್ನ. ನಮ್ಮನ್ಯಾಗ ಅಡಿಗಿ ಅಂದ್ರ ನಮ್ಮಪ್ಪಂದು. ಈಕಿ ಹೊರಗ ಕೂತಾಗ ಮೂರು ದಿನ ಅವರು ಮಾಡ್ತಿದ್ರಲಾ, ಅದು ಊಟ!"

ಬಂಡು "ಅಕ್ಕಾ!" ಎಂದು ಚೀರಿದ. ಅಫ್ಶೀನಳ ಫೋನು ನಡೆದೇ ಇತ್ತು. ಗೋದಾಬಾಯಿ ಸೌಟನ್ನು ಕೊಳಗದಲ್ಲೇ ಬಿಟ್ಟು ನಿಧಾನವಾಗಿ ಮಗಳ ಕಡೆ ತಿರುಗಿದಳು. ಅವಳ ಮುಖದಲ್ಲಿ ಅವಮಾನವಿರಲಿಲ್ಲ. ಚಂದ್ರಾಬಾಯಿ ಕನ್ನಡಿಯಲ್ಲಿ ದಿನಾ ಕಾಣುವ ಅದೇ ತಾತ್ಸಾರವಿತ್ತು.

"ಮೂರು ದಿನ," ಎಂದಳು. "ಮೂರು ದಿನ ಯಾರ ಬೇಕಾದ್ರೂ ಛಲೋ ಮಾಡ್ತಾರವಾ. ತಿಂಗಳದ ತುಪ್ಪ ಮೂರು ದಿನದಾಗ ಸುರೀತಿದ್ರು ನಿಮ್ಮಪ್ಪ. ಇದ್ದಷ್ಟು ಕೊಬ್ಬರಿ ಕೆರೀತಿದ್ರು. ನಾಕನೇ ದಿನ ತಲಿಗೆ ನೀರ ಹಾಕ್ಕೊಂಡು ಒಳಗ ಬಂದ್ರ ಡಬ್ಬಿ ಎಲ್ಲಾ ಖಾಲಿ. ಜಿಡ್ಡು ಹಿಡದ ಪಾತ್ರಿ ರಾಶಿ ಬಿದ್ದಿರ್ತಿದ್ವು. ಉಳಿದ ದಿನ ಏನ ಹಾಕಿ ಹುಳಿ ಮಾಡ್ಲಿ? ನಿಮ್ಮಪ್ಪನ ಹೆಸರು ಹಾಕಲೇನು?"

ಬಂಡು ಮುಂದೆ ಬಂದು ಒಲೆ ಆರಿಸಿದ.

"ಮತ್ತ ಹೇಳ್ತೀನಿ ಕೇಳು," ಎಂದಳು ಗೋದಾಬಾಯಿ. "ನನಗ ಅಡಿಗಿ ಅಂದ್ರ ಮದಲಿಂದನೂ ಆಗಿಬರೂದಿಲ್ಲ. ತುಪ್ಪ ಇದ್ದಿದ್ರೂ ನಾ ಹಿಂಗ ಮಾಡ್ತಿದ್ದೆ. ಆದ್ರ ಆ ಮನಿಶಾ ಊರಾಗೆಲ್ಲ ನನ್ನ ಕೈಯಡಿಗಿ ಮ್ಯಾಲೆ ಮಂದೀನ್ನ ನಗಸಿ, ತಾ ಭಾಳ ದೊಡ್ಡ ಅಡಿಗಿಯವ ಅನಿಸ್ಕೊಂಡ. ಒಂದು ದಿನ ಆದ್ರೂ ಮುಸುರಿ ತಿಕ್ಕಿದ್ನೇನು ಕೇಳು ಅವನ್ನ."

ಬಾಗಿಲ ಬಳಿ ನಿಂತ ತನಗೆ ಅಪ್ಪ ಇಂಗು ತೋರಿಸಿದ್ದು ಚಂದ್ರಾಬಾಯಿಗೆ ನೆನಪಿತ್ತು. ಪಾತ್ರೆ ತೊಳೆದದ್ದು ಮಾತ್ರ ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ. ಅಪ್ಪನ ಮೇಲೆ ಮೊದಲ ಸಲ ಸಣ್ಣದೊಂದು ಸಿಟ್ಟು ಬಂತು. ಅವ್ವನ ಹುಳಿ ಅದರಿಂದೇನೂ ರುಚಿಯಾಗಲಿಲ್ಲ.

ಬಂಡು ಕೈಮುಗಿದು ಬೇಡಿಕೊಂಡದ್ದಕ್ಕೆ ಅಫ್ಶೀನ್ ಆ ಭಾಗ ತೆಗೆದುಹಾಕಿದಳು. ಉಳಿದದ್ದರಲ್ಲಿ ಗೋದಾಬಾಯಿ ಮುಷ್ಟಿಯಲ್ಲಿ ಪುಡಿ ಎಸೆಯುವುದನ್ನು ಜನ 'ಅಳತೆಯೇ ಬೇಡದ ಹಳೆಯ ಕೈ' ಎಂದು ಹೊಗಳಿದರು. ಖಾನಾವಳಿಗೆ ಮುಂಚಿಗಿಂತ ಹೆಚ್ಚು ಜನ ಬರತೊಡಗಿದರು. ಬುದ್ಧಿಗೇಡಿಗಳು ಎನ್ನುತ್ತ ಚಂದ್ರಾಬಾಯಿ ವಿಡಿಯೋದ ಕೆಳಗಿನ ಪ್ರತಿ ಹೊಗಳಿಕೆಯನ್ನೂ ಗಂಡನಿಗೆ ಗಟ್ಟಿಯಾಗಿ ಓದಿ ಹೇಳಿದಳು.

ದೀಪಾವಳಿಯ ಹೊತ್ತಿಗೆ ಗೋದಾಬಾಯಿಗೇ ಆ ಕುರ್ಚಿ ಬೇಸರವಾಯಿತು. "ಗೊಂಬಿಹಂಗ ಕೂಡಸ್ಯಾನ, ಕಾಲ ಮುಟ್ಟಿ ಮುಟ್ಟಿ ಪಾದ ಸವದಾವ" ಎಂದು ಗೊಣಗಿ, ಒಂದು ಮುಂಜಾನೆ ಆಟೋ ಹಿಡಿದು ಬಟ್ಟೆಯ ಗಂಟಿನೊಂದಿಗೆ ಮಗಳ ಮನೆಗೆ ಬಂದಳು. ಬಂದವಳು ಅಡುಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಚಂದ್ರಾಬಾಯಿ ಅಂದು ಬಿಸಿಬಿಸಿ ರೊಟ್ಟಿ, ಪುಂಡಿಪಲ್ಯ, ಕಡಬು ಮಾಡಿ ಬಡಿಸಿದರೆ ಎರಡು ತುತ್ತು ಉಂಡು ತಾಟು ಸರಿಸಿದಳು.

"ಯಾಕ, ಹೆಂಗಾಗ್ಯದ?" ಎಂದಳು ಮಗಳು, ಸೆರಗು ಬಿಗಿದು.

"ಆಗ್ಯದ. ಇಷ್ಟೆಲ್ಲಾ ಯಾಕ ಒದ್ದಾಡ್ತಿ? ಸಂಜಿಗೆ ಬೇಕರಿಯಿಂದ ಖಾರಿ ಬಿಸ್ಕೀಟು ತರಸು. ಚಹಾದಾಗ ಅದ್ದಿ ತಿಂದ್ರ ನನಗ ಸಾಕು."

ಮೈದಾ, ಡಾಲ್ಡಾ, ಯಾರದೋ ಕೈಯಲ್ಲಿ ನಾದಿದ್ದು. ಸಂಜೆ ಚಂದ್ರಾಬಾಯಿ ಮೂಗು ಮುರಿಯುತ್ತಲೇ ಚಪ್ಪಲಿ ಮೆಟ್ಟಿ, ಬೇಕರಿಯ ತನಕ ತಾನೇ ನಡೆದು ಹೋಗಿ ಖಾರಿ ತಂದಳು. ಗೋದಾಬಾಯಿ ಟಿವಿ ಮುಂದೆ ಕೂತು, ಚೂರುಗಳನ್ನೆಲ್ಲ ಸೋಫಾದ ಮೇಲೆ ಉದುರಿಸುತ್ತ, ಒಂದಾದ ಮೇಲೊಂದು ತಿಂದಳು.