ಫಿಲೇಚರ್ ಅಂದರೆ ಏನು?

ಶಿಡ್ಲಘಟ್ಟಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ಆಫೀಸು ಬಿಟ್ಟರೆ ನನಗೆ ಮಾತಿಗೆ ಯಾರೂ ಇರಲಿಲ್ಲ. ರೂಮಿನ ಎದುರಿಗಿದ್ದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯ ಬೋರ್ಡಿನಲ್ಲಿ 'ಫಿಲೇಚರ್' ಅಂತಿತ್ತು. ಒಂದು ಭಾನುವಾರ ಬೇಜಾರಿಗೆ ಡಿಕ್ಷನರಿ ತೆಗೆದೆ. ದಾರ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದದ್ದಂತೆ. ಇದನ್ನು ಯಾರಿಗಾದರೂ ಹೇಳಬೇಕಲ್ಲ? ಎದುರಿಗೇ ಹೋದೆ.

ಬಿಸಿನೀರಿನಲ್ಲಿದ್ದ ಗೂಡುಗಳಿಂದ ಎಳೆ ಹಿಡಿಯುತ್ತಿದ್ದ ಹೆಂಗಸಿಗೆ ಪದದ ಕಥೆ ಹೇಳತೊಡಗಿದೆ. ಅವರು ತಲೆಯನ್ನೇ ಎತ್ತಲಿಲ್ಲ. ಪೆಚ್ಚಾಗಿ ಅರ್ಧಕ್ಕೇ ನಿಲ್ಲಿಸಿದೆ.

"ಕಣ್ಣು ತೆಗೆದ್ರೆ ಎಳೆ ಕಿತ್ತೋಗ್ತದೆ ಸಾರ್. ಕಿವಿ ಖಾಲೀನೇ ಐತೆ, ಹೇಳಿ," ಅಂದರು.

ಪೂರ್ತಿ ಹೇಳಿದೆ.

"ಆಮೇಲೆ?" ಅಂದರು.

ಆಮೇಲಿನದು ಡಿಕ್ಷನರಿಯಲ್ಲಿ ಇರಲಿಲ್ಲ; ಅಲ್ಲಿಂದ ಮುಂದೆ ನನ್ನ ಕಥೆಯನ್ನೇ ಹೇಳಿದೆ. ರೂಮಿಗೆ ಬಂದವನು ಮುಂದಿನ ಭಾನುವಾರಕ್ಕೆ ಅಂತ ಇನ್ನೊಂದು ಪದ ಹುಡುಕಿಟ್ಟುಕೊಂಡೆ.