ನನ್ನ ಬೆರಳು ಬೇಡವೆಂದ ಸಮೀಕ್ಷೆ

“ಸರ್, ನಿಮ್ಮ ಬೆರಳು ಬೇಡ. ಅಮ್ಮನವರದು ಬೇಕು,” ಎಂದಳು ಸಮೀಕ್ಷೆಗೆ ಬಂದ ಹುಡುಗಿ.

ದೇಶದಲ್ಲಿ ಎಷ್ಟು ಜನರಿಗೆ ಮಧುಮೇಹವಿದೆ ಎಂದು ತಿಳಿಯುವ ಸಮೀಕ್ಷೆಗೆ ಬಾಣಸವಾಡಿಯ ನಮ್ಮ ಮನೆಯೂ ಆಯ್ಕೆಯಾಗಿತ್ತು. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿರಬೇಕೆಂದು ಬೆಳಗಿನ ಕಾಫಿಯನ್ನು ಹೆಂಡತಿಗೂ ತಪ್ಪಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆರೂವರೆಗೇ ಕೈ ತೊಳೆದು ಕುಳಿತಿದ್ದೆ. ಆದರೆ ಮನೆಯಲ್ಲಿ ಯಾರನ್ನು ಪರೀಕ್ಷಿಸಬೇಕೆಂದು ಅವಳ ಟ್ಯಾಬೇ ಚೀಟಿ ಎತ್ತಿದಂತೆ ಆರಿಸುತ್ತದಂತೆ. ಅದು ನನ್ನ ಹೆಂಡತಿ ಸರೋಜಳ ಹೆಸರು ತೋರಿಸಿತ್ತು.

“ಅವಳಿಗೇನೂ ಇಲ್ಲ. ನಾನು ದಿನಾ ಐದಕ್ಕೆ ಎದ್ದು ವಾಕಿಂಗ್ ಹೋಗ್ತೀನಿ. ನಂದೇ ಬರ್ಕೋಮ್ಮ,” ಎಂದೆ.

“ನಿಮ್ಮಂಥವರನ್ನೇ ಹುಡುಕಿ ಚುಚ್ಚಿದ್ರೆ, ಇಡೀ ದೇಶದಲ್ಲಿ ಯಾರಿಗೂ ಶುಗರ್ರೇ ಇಲ್ಲ ಅಂತ ಬರುತ್ತೆ ಸರ್!”

ಸರೋಜ ನಗುತ್ತಲೇ ಕೈ ಚಾಚಿದಳು. ಯಂತ್ರದ ಅಂಕಿ ನೋಡಿ ಹುಡುಗಿ ನಗು ನಿಲ್ಲಿಸಿ, ಇನ್ನೊಮ್ಮೆ ಚುಚ್ಚಿದಳು. ಇನ್ನೂರು ದಾಟಿತ್ತು. ಇವತ್ತೇ ಡಾಕ್ಟರನ್ನು ಕಾಣಬೇಕೆಂದು ಚೀಟಿ ಬರೆದುಕೊಟ್ಟಳು. ತಿಂಗಳುಗಳಿಂದ ರಾತ್ರಿ ಎರಡು ಮೂರು ಸಲ ಎದ್ದು ನೀರು ಕುಡಿಯುತ್ತಿದ್ದುದನ್ನು ಸರೋಜ ಆಗ ಬಾಯಿಬಿಟ್ಟಳು. ನನ್ನ ನಿದ್ದೆ ಕೆಡಬಾರದೆಂದು ಲೈಟನ್ನೂ ಹಾಕುತ್ತಿರಲಿಲ್ಲವಂತೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನನ್ನ ತೂಕ, ಬಿ.ಪಿ.ಗಳನ್ನು ವರ್ಷಗಳಿಂದ ತಪ್ಪದೆ ಬರೆದಿದ್ದೇನೆ. ಅವಳದೊಂದು ಅಂಕಿಯೂ ಅಲ್ಲಿರಲಿಲ್ಲ. ಈಗ ಬೆಳಗ್ಗೆ ಇಬ್ಬರೂ ವಾಕಿಂಗ್ ಹೊರಡುತ್ತೇವೆ. ನಾನು ಎರಡು ನಿಮಿಷ ತಡ ಮಾಡಿದರೆ ಗೇಟಿನಿಂದಲೇ ಕೂಗುತ್ತಾಳೆ: “ಬೇಗ ಬನ್ರೀ, ಸರ್ವೇಲಿ ಬಂದಿರೋದು ನನ್ನ ಹೆಸರು!”