ವಿಷ್ಣುತೀರ್ಥರ ಸೊಂಟದ ತೀರ್ಪು

ಪೋರೂರಿನ ಮನೆಯಿಂದ ಅಣ್ಣಾ ನಗರದ ಮಕ್ಕಳ ಡಾಕ್ಟರ ಕ್ಲಿನಿಕ್ಕಿನವರೆಗೆ ಇಪ್ಪತ್ತಮೂರು ಸ್ಪೀಡ್ ಬ್ರೇಕರುಗಳಿವೆ. ಸಂಹಿತಾ ಎಣಿಸಿದ್ದಳು. ಒಂದೊಂದನ್ನು ದಾಟುವಾಗಲೂ ಹಿಂದಿನ ಸೀಟಿನಲ್ಲಿ ಒಂಬತ್ತು ತಿಂಗಳ ಚಿನ್ಮಯಿಯ ತಲೆ ಒಮ್ಮೆ ಅದುರುತ್ತಿತ್ತು. ಹೋಗಿ ಬರುವುದಕ್ಕೆ ನಲವತ್ತಾರು, ಮೆಟ್ರೋ ಕೆಲಸಕ್ಕೆಂದು ಅಗೆದ ಗುಂಡಿಗಳು ಬೇರೆ, ತಿಂಗಳಿಗೆಷ್ಟಾಯಿತು, ಮಗು ಶಾಲೆಗೆ ಸೇರುವ ಹೊತ್ತಿಗೆ ಎಷ್ಟಾದೀತು ಎಂದು ಅವಳ ಮನಸ್ಸು ಗುಣಾಕಾರ ಹಾಕುತ್ತಲೇ ಇರುತ್ತಿತ್ತು. ಡಾಕ್ಟರನ್ನೇ ಕೇಳಿದ್ದಳು. ಅವರು ಕೆಳಗಿಳಿದು ಬಂದು ಮಗುವಿನ ಸೀಟು, ಬೆಲ್ಟು ಎಲ್ಲ ನೋಡಿ, ಇಷ್ಟು ಚೆನ್ನಾಗಿ ಕಟ್ಟಿದ ಮೇಲೆ ಏನೂ ಆಗುವುದಿಲ್ಲ, ನೀವು ಸ್ವಲ್ಪ ನಿದ್ದೆ ಮಾಡಿ ಎಂದು ನಕ್ಕರು. ಆ ಸಮಾಧಾನ ಮನೆಯ ಲಿಫ್ಟಿನವರೆಗೆ ಬಂತು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆಯುವಷ್ಟರಲ್ಲಿ ಚಿಂತೆ ಮತ್ತೆ ಜೊತೆಗಿತ್ತು.

ಎಲ್ಲ ಆ ಕಾರಿನ ದೆಸೆಯಿಂದ. ನೀಲಿ ಬಣ್ಣದ, ನೆಲಕ್ಕೆ ಅಂಟಿದಂತೆ ಕುಳಿತ, ಓಟಕ್ಕೆಂದೇ ಮಾಡಿದ ಸೆಡಾನ್. ಅವಳ ಗಂಡ ಸಂಜೀವ ವಿಮಾ ಕಂಪನಿಯಲ್ಲಿ ಹನ್ನೊಂದು ವರ್ಷ ದುಡಿದು, ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ರಸ್ತೆಯಲ್ಲಿ ಹುರಿಗಡಲೆ ಬಿದ್ದಿದ್ದರೂ ಸೊಂಟಕ್ಕೆ ಸುದ್ದಿ ಮುಟ್ಟುತ್ತಿತ್ತು. ಸಂಹಿತಾ ಗೊಣಗಿದಾಗಲೆಲ್ಲ ಅವನು, ಸ್ಪೋರ್ಟ್ಸ್ ಸಸ್ಪೆನ್ಷನ್ ಅಂದರೆ ಹೀಗೇ, ತಿರುವಿನಲ್ಲಿ ಹೇಗೆ ಹಿಡಿದು ನಿಲ್ಲುತ್ತದೆ ನೋಡು ಅನ್ನುತ್ತಿದ್ದ. ಆರ್ಕಾಟ್ ರಸ್ತೆಯಲ್ಲಿ ತಿರುವು ಎಲ್ಲಿದೆ ಎಂದು ಅವಳು ಕೇಳುತ್ತಿದ್ದಳು. ವಾರದ ದಿನಗಳಲ್ಲಿ ಅವನು ಬಸ್ಸು ಮೆಟ್ರೋ ಹಿಡಿದು ಆಫೀಸಿಗೆ ಹೋಗುತ್ತಿದ್ದುದರಿಂದ ಕಾರು ಹೆಚ್ಚಾಗಿ ಅವಳ ಕೈಯಲ್ಲೇ ಇರುತ್ತಿತ್ತು. ಗಂಟೆಗೆ ನೂರ ಎಂಬತ್ತು ಓಡಬಲ್ಲ ಬಂಡಿ ಅವಳ ಕೈಯಲ್ಲಿ ಹತ್ತೊಂಬತ್ತರಲ್ಲಿ ತೆವಳುತ್ತಿತ್ತು.

ಗುರುವಾರ ಊಟಕ್ಕೆ ಕುಳಿತಾಗ ಸಂಜೀವ ತಾನಾಗಿಯೇ ಹೇಳಿದ. ಆಫೀಸಿನ ವಿಘ್ನೇಶ್ ಕಾರನ್ನು ಕೇಳುತ್ತಿದ್ದಾನೆ, ಭಾನುವಾರ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗುತ್ತಾನೆ, ನಾವು ದೊಡ್ಡದಾದ ಮೆತ್ತಗಿನದು ಯಾವುದಾದರೂ ನೋಡೋಣ. ಸಿಟ್ಟಿಲ್ಲ, ಚುಚ್ಚುಮಾತಿಲ್ಲ. ಶುಕ್ರವಾರ ಆಫೀಸಿನಿಂದ ಬಂದವನೇ ಬಕೆಟ್ಟು ಹಿಡಿದು ಕೆಳಗಿಳಿದು ಚಕ್ರದ ಕಡ್ಡಿಗಳನ್ನೂ ಬಿಡದೆ ತೊಳೆದ. ಬಾಲ್ಕನಿಯಿಂದ ನೋಡುತ್ತಿದ್ದ ಸಂಹಿತಾ, ತಾನು ಕೇಳಿದ್ದೇ ಆಗುತ್ತಿದೆಯಲ್ಲ ಎಂದುಕೊಂಡಳು, ಆದರೂ ಅವನು ನಾಲ್ಕನೆಯ ಚಕ್ರ ಮುಗಿಸುವವರೆಗೂ ಒಳಗೆ ಹೋಗಲಿಲ್ಲ.

ಶನಿವಾರ, ಸಂಜೀವ ಆಫೀಸಿಗೆ ಹೋದ ಮೇಲೆ, ಹತ್ತು ಗಂಟೆಗೆ ಬಾಗಿಲಲ್ಲಿ ವಿಷ್ಣುತೀರ್ಥರು ನಿಂತಿದ್ದರು. ಸಂಜೀವನ ಸೋದರಮಾವ, ತ್ರಿಪ್ಲಿಕೇನಿನಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಮನೆತನ. ಕೈಯಲ್ಲಿ ಹೆಂಡತಿ ರಮಾಬಾಯಿ ಕೊಟ್ಟು ಕಳಿಸಿದ ಹಯಗ್ರೀವದ ಡಬ್ಬಿ. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಮೊದಲನೆಯದಕ್ಕೆ ಮೂವತ್ತೈದು, ಎರಡನೆಯದು ಫೇಲು ಎಂದು ಚಪ್ಪಲಿ ಬಿಡುತ್ತಲೇ ಹೇಳಿದರು.

ಅವರು ಮಾರ್ಕು ಕೊಡುವುದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಮೂವತ್ತೊಂದು ವರ್ಷ ಅವರು ರೈಲ್ವೆಯಲ್ಲಿ ಮಾಡಿದ ಕೆಲಸವೇ ಅದು. ಹೊಸ ಮಾದರಿಯ ಬೋಗಿ ತಯಾರಾದರೆ, ಪ್ರಯಾಣಿಕರ ತೂಕಕ್ಕೆ ಸರಿಯಾಗಿ ಸೀಟು ಸೀಟಿಗೂ ಮರಳಿನ ಮೂಟೆ ಕೂಡಿಸಿ, ಓಡಿಸಿ, ಅದು ಎಷ್ಟು ಕುಲುಕುತ್ತದೆ ಎಂದು ಅಳೆಯುವ ತಂಡದಲ್ಲಿ ಅವರಿದ್ದರು. ಮರಳಿನ ಮೂಟೆಗಳ ನಡುವೆ ಕುಳಿತ ನಾಲ್ಕೈದು ಜೀವಗಳಲ್ಲಿ ಒಬ್ಬರು. ಯಂತ್ರ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದರೆ, ವಿಷ್ಣುತೀರ್ಥರು ಗೆರೆ ನೋಡದೆ ಕಣ್ಣು ಮುಚ್ಚಿ ಕೂತು ತಮ್ಮದೊಂದು ಅಂಕಿ ಬರೆದಿಡುತ್ತಿದ್ದರು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಅಷ್ಟಿರುತ್ತಿರಲಿಲ್ಲ. ದೊಡ್ಡ ಅಧಿಕಾರಿಗಳು ಬಂದರೂ ಯಂತ್ರ ಏನನ್ನುತ್ತದೆ ಎಂದು ಕೇಳುವ ಮೊದಲು, ವಿಷ್ಣು, ನಿಮ್ಮ ಸೊಂಟ ಏನನ್ನುತ್ತದೆ ಎಂದು ಕೇಳುತ್ತಿದ್ದರಂತೆ. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಸೊಂಟಕ್ಕೆ ನಿವೃತ್ತಿಯಾಗಿರಲಿಲ್ಲ. ಬೀಗರ ಮನೆಯ ಉಯ್ಯಾಲೆಗೆ ಎಪ್ಪತ್ತು, ಆಟೋಗಳಿಗೆಲ್ಲ ಒಟ್ಟಾಗಿ ಇಪ್ಪತ್ತು, ಹಲ್ಲಿನ ಡಾಕ್ಟರ ಕುರ್ಚಿಗೆ ತೊಂಬತ್ತು, ಆದರೆ ಎದ್ದ ಮೇಲೆ ಬಾಯಿ ನೋಯುತ್ತದೆ. ಇಷ್ಟೆಲ್ಲ ಇದ್ದೂ ಅವರು ಸ್ವಂತಕ್ಕೆ ಒಂದು ಸ್ಕೂಟರನ್ನೂ ಕೊಂಡವರಲ್ಲ. ಯಾವುದೂ ಪಾಸಾಗಲಿಲ್ಲವಲ್ಲ, ಹೆಂಡತಿಯೊಬ್ಬಳು ಹೇಗೆ ಪಾಸಾದಳೋ ಎಂದು ರಮಾಬಾಯಿ ಆಡಿಕೊಳ್ಳುತ್ತಿದ್ದರು.

ಕಾರು ಮಾರುವ ಸುದ್ದಿ ಸಂಜೀವನೇ ಫೋನಿನಲ್ಲಿ ಹೇಳಿದ್ದನಂತೆ. ಅವನ ಧ್ವನಿ ಸಪ್ಪಗಿತ್ತು, ಅದಕ್ಕೇ ಬಂದೆ ಎಂದಷ್ಟೇ ಹೇಳಿದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, ಸಂಹಿತಾಳನ್ನು ನೋಡಿದರು.

"ನನ್ನನ್ನ ತ್ರಿಪ್ಲಿಕೇನಿಗೆ ಬಿಟ್ಟು ಬಾಮ್ಮಾ, ಆ ಬಂಡಿಯಲ್ಲೇ. ನಾನು ಹಿಂದೆ ಮಗು ಪಕ್ಕ ಕೂತ್ಕೊಳ್ತೇನೆ."

"ಮಾವ, ನಿಮಗೆ ಬೆನ್ನು ನೋವು ಬರತ್ತೆ."

"ಬರಲಿ. ಎಲ್ಲಿಂದ ಬರತ್ತೆ ಅಂತ ನೋಡೋಣ."

ಚಿನ್ಮಯಿಯನ್ನು ಸೀಟಿಗೆ ಕಟ್ಟಿ, ಬೆಲ್ಟನ್ನು ಮೂರು ಸಲ ಎಳೆದು ನೋಡಿ, ಸಂಹಿತಾ ಹೊರಟಳು. ಹಿಂದೆ ವಿಷ್ಣುತೀರ್ಥರು ಬೆನ್ನು ನೆಟ್ಟಗೆ ಮಾಡಿ, ಎರಡೂ ಅಂಗೈಗಳನ್ನು ಸೀಟಿನ ಮೇಲೆ ಊರಿ, ಕಣ್ಣು ಮುಚ್ಚಿದರು. ಸಂಧ್ಯಾವಂದನೆಗೆ ಕೂತಂತಿತ್ತು. ಮೊದಲ ಉಬ್ಬು ಬಂತು. ಸಂಹಿತಾ ಉಸಿರು ಬಿಗಿ ಹಿಡಿದು ದಾಟಿಸಿದಳು. ಹಿಂದಿನಿಂದ "ಹ್ಮ್" ಎಂಬ ಸದ್ದು. ಎರಡನೆಯದು, ಮತ್ತೆ "ಹ್ಮ್". ಮೂರನೆಯದಕ್ಕೆ, ಇಷ್ಟು ಮೆಲ್ಲಗೆ ಬೇಡ, ಮನುಷ್ಯರ ಹಾಗೆ ಓಡಿಸು ಎಂದರು. ಅವಳಿಗೆ ಅಳು ಬರುವಂತಾಯಿತು. ಮಗುವಿನ ತಲೆ ಅದುರುವುದು ನಿಮಗೆ ಕಾಣುತ್ತಿಲ್ಲವೇ ಎಂದು ಕೇಳಿಯೇ ಬಿಟ್ಟಳು. ಕಾಣುತ್ತಿದೆ, ಎಷ್ಟು ಸಲ ಎಂದು ನೋಡುತ್ತಿದ್ದೇನೆ ಎಂದರು ಅವರು.

ಸಿಗ್ನಲ್ಲಿನಲ್ಲಿ ನಿಂತಾಗ ಅವರು ತಮ್ಮ ಮದುವೆಯ ಕತೆ ತೆಗೆದರು. ಹೆಣ್ಣಿನ ಕಡೆಯವರು ಮೆರವಣಿಗೆಗೆ ಎಲ್ಲಿಂದಲೋ ಒಂದು ಹಳೆಯ ವಿದೇಶಿ ಕಾರು ತರಿಸಿದ್ದರಂತೆ. ಹತ್ತಿ ತುಂಬಿದ ಹಾಸಿಗೆಯಂಥ ಸೀಟು, ಅದಕ್ಕಿಂತ ಮೆತ್ತಗಿನ ಸ್ಪ್ರಿಂಗು. ಒಂದು ಗುಂಡಿ ಸಿಕ್ಕಿದರೆ ಮುಂದಿನ ಗುಂಡಿಯವರೆಗೂ ತೂಗುತ್ತಲೇ ಇತ್ತು. ಮೂರನೆಯ ಬೀದಿಯ ಹೊತ್ತಿಗೆ ಮದುಮಗನ ಮುಖ ಬಾಳೆಲೆಯ ಬಣ್ಣಕ್ಕೆ ತಿರುಗಿ, ಬಾಸಿಂಗ ಕಟ್ಟಿಕೊಂಡೇ ಇಳಿದು ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಉಳಿದ ದಾರಿಯನ್ನು ನಡೆದೇ ಮುಗಿಸಿದನಂತೆ. ರೇಷ್ಮೆ ಸೀರೆಯ ಮದುಮಗಳು ಮಾತ್ರ ಒಬ್ಬಳೇ ಕಾರಿನಲ್ಲಿ ಮೆರೆದಳು. ರಮಾಬಾಯಿ ಇವತ್ತಿಗೂ ಅದನ್ನು ನನ್ನ ಮದುವೆ ಎಂದೇ ಹೇಳುತ್ತಾರೆ, ನಮ್ಮ ಮದುವೆ ಎನ್ನುವುದಿಲ್ಲ.

ಸಂಹಿತಾ ನಕ್ಕಳು. ನಗುತ್ತಿರುವಾಗಲೇ ಹಿಂದಿನಿಂದ ಪ್ರಶ್ನೆ ಬಂತು: ಹೋದ ತಿಂಗಳು ಬಾಡಿಗೆ ಕಾರಿನಲ್ಲಿ ಅಣ್ಣಾ ನಗರಕ್ಕೆ ಹೋದಾಗ ಮಗು ವಾಂತಿ ಮಾಡಿಕೊಂಡಳು ಎಂದು ಸಂಜೀವ ಹೇಳಿದ, ಅದು ಎಂಥ ಬಂಡಿ? ದೊಡ್ಡದು, ತುಂಬ ಮೆತ್ತಗಿನದು, ತೇಲಿದ ಹಾಗೆ ಹೋಗುತ್ತಿತ್ತು ಎಂದಳು. ಅವತ್ತು ಎರಡು ಸಲ ವಾಂತಿಯಾಗಿತ್ತು. ಅವಳು ಅದನ್ನು ಬಾಳೆಹಣ್ಣಿನ ತಲೆಗೆ ಕಟ್ಟಿ, ಅಂದಿನಿಂದ ಮನೆಗೆ ಬಾಳೆಹಣ್ಣು ತರಿಸುವುದನ್ನೇ ನಿಲ್ಲಿಸಿದ್ದಳು.

"ಈ ಬಂಡಿಯಲ್ಲಿ ಎಷ್ಟು ಸಲ ವಾಂತಿ?"

"ಒಂದು ಸಲಾನೂ ಇಲ್ಲ."

"ಮೆತ್ತಗಿದ್ರೆ ಸುಖ ಅಂತ ಎಲ್ರೂ ಅಂದ್ಕೊಳ್ತಾರೆ. ಆದ್ರೆ ಮೈಗೆ ಬೇಕಾದ್ದು ಬೇರೆ. ಏಟು ಬಿದ್ದ ಮೇಲೆ ಬಂಡಿ ಬೇಗ ಸುಮ್ಮನಾಗಬೇಕು. ಇದು ಒಂದೇ ಮಾತು ಆಡಿ ಬಾಯಿ ಮುಚ್ಚತ್ತೆ. ಆ ಒಂದು ಮಾತೇ ಯಾಕೋ ತುಂಬ ಜೋರಾಗಿದೆ."

ವಡಪಳನಿ ದಾಟುವ ಮೊದಲು ಅವರು ಬಂಡಿಯನ್ನು ಬದಿಗೆ ನಿಲ್ಲಿಸಲು ಹೇಳಿದರು. ಇಳಿದು, ಪಂಚೆ ಮೇಲೆ ಕಟ್ಟಿ, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಒಂದೊಂದು ಟೈರಿಗೂ ಬೆರಳ ಗೆಣ್ಣಿನಿಂದ ಕುಟ್ಟಿದರು, ತೆಂಗಿನಕಾಯಿ ಬಲಿತಿದೆಯೇ ಎಂದು ನೋಡುವವರ ಹಾಗೆ. ಆಮೇಲೆ ಡ್ರೈವರ್ ಬಾಗಿಲು ತೆರೆಸಿ, ಬಾಗಿಲಿನ ಚೌಕಟ್ಟಿಗೆ ಅಂಟಿಸಿದ್ದ, ಟೈರಿಗೆ ಎಷ್ಟು ಗಾಳಿ ಬೇಕೆಂದು ಹೇಳುವ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. ಮೂವತ್ತಮೂರು ಎಂದಿತ್ತು.

"ಗಾಳಿ ಎಷ್ಟು ಹಾಕಿಸ್ತೀರಿ?"

ಸಂಹಿತಾ ತಡವರಿಸಿದಳು. ಗಾಳಿ ಹಾಕಿಸುವುದು ಅವಳೇ. ಅವಳಿಗೆ ಒಂಬತ್ತು ವರ್ಷವಿದ್ದಾಗ, ಬ್ಯಾಂಕಿನಲ್ಲಿದ್ದ ಅಪ್ಪನ ಕಾರು ತಿರುಚ್ಚಿ ರಸ್ತೆಯಲ್ಲಿ ಪಂಕ್ಚರಾಗಿ, ಉರಿಬಿಸಿಲಲ್ಲಿ ಮೂರು ಗಂಟೆ ಹುಣಸೆಮರದ ಕೆಳಗೆ ಕೂತಿದ್ದರು. ಅವತ್ತಿನಿಂದ ಇಳಿದ ಟೈರೆಂದರೆ ಅವಳಿಗೆ ಎದೆ ನಡುಕ. ಮೇಲಾಗಿ ಅಕ್ಕಿ ಅಳೆದು ಹಾಕಿದ ಮೇಲೂ ಯಾರಾದರೂ ಬಂದಾರು ಎಂದು ಇನ್ನೊಂದು ಹಿಡಿ ಸುರಿಯುವ ಮನೆಯಲ್ಲಿ ಬೆಳೆದವಳು. ಬಂಕಿನವನು ಎಷ್ಟು ಎಂದು ಕೇಳಿದಾಗಲೆಲ್ಲ, ಮಗು ಇರುವ ಗಾಡಿ, ಸ್ವಲ್ಪ ಜಾಸ್ತಿಯೇ ಇರಲಿ ಅನ್ನುತ್ತಿದ್ದಳು. ಅವನೂ ಒಳ್ಳೆಯವನು. ಕೇಳಿದ್ದಕ್ಕಿಂತ ತುಸು ಮುಂದೆಯೇ ಹಾಕುತ್ತಿದ್ದ. ಗಾಳಿ ಕಡಿಮೆಯಾದರೆ ಕಾರು ದೀಪ ಹೊತ್ತಿಸುತ್ತಿತ್ತು. ಹೆಚ್ಚಾದರೆ ಏನೂ ಹೇಳುತ್ತಿರಲಿಲ್ಲ.

"ನಲವತ್ತನಾಲ್ಕು ಇರಬೇಕು, ಮಾವ."

ವಿಷ್ಣುತೀರ್ಥರು ಬೈಯಲಿಲ್ಲ. ಫುಟ್‌ಪಾತಿನ ಕಟ್ಟೆಯ ಮೇಲೆ ಕೂತುಕೊಂಡರು. ಅವರ ಹೆಗಲು ಕುಲುಕುವುದನ್ನು ಕಂಡು ಅವಳು ಗಾಬರಿಯಿಂದ ಹತ್ತಿರ ಹೋದರೆ, ಮುದುಕರು ನಗುತ್ತಿದ್ದರು. ಕಣ್ಣೊರೆಸಿಕೊಂಡು ಹೇಳಿದರು: ಮೊದಲ ಏಟು ತಿನ್ನಬೇಕಾದ್ದು ಟೈರು, ಆಮೇಲೆ ಸ್ಪ್ರಿಂಗು. ಟೈರನ್ನೇ ಕಲ್ಲು ಮಾಡಿಟ್ಟರೆ ಪಾಪ ಸ್ಪ್ರಿಂಗು ಏನು ಮಾಡೀತು. ಮರಳು ಮೂಟೆಯ ಲೆಕ್ಕದಲ್ಲೂ ಹೀಗೇ. ಭದ್ರವಾಗಿರಲಿ ಎಂದು ಹೆಚ್ಚು ಹೇರಿದರೂ ತಪ್ಪೇ, ಕಡಿಮೆ ಹೇರಿದರೂ ತಪ್ಪೇ. ಹೆಚ್ಚು ಗಾಳಿಯ ಟೈರು ರಸ್ತೆಯನ್ನೂ ಸರಿಯಾಗಿ ಹಿಡಿಯುವುದಿಲ್ಲ ಎಂದು ಸೇರಿಸಿದಾಗ ಸಂಹಿತಾಳ ಮುಖ ಇಳಿಯಿತು. ಮಗುವಿಗಾಗಿ ಮಾಡಿದ್ದೇ ಮಗುವಿಗೆ ಮುಳುವಾಯಿತಲ್ಲ. ಅದನ್ನು ನೋಡಿ ಅವರು ಮಾತು ಅಲ್ಲಿಗೇ ನಿಲ್ಲಿಸಿ, ಎದ್ದು ಪಂಚೆ ಕೊಡವಿಕೊಂಡರು.

ಮುಂದಿನ ಬಂಕಿನಲ್ಲಿ ಗಾಳಿ ಬಿಡಿಸಿದರು. ಉಸ್ಸೆಂದು ಅದು ಹೊರಬೀಳುವಾಗ ಸಂಹಿತಾ ಪ್ರತಿ ಟೈರಿನ ಪಕ್ಕವೂ ನಿಂತು, ಸಾಕು, ಸಾಕು ಅನ್ನುತ್ತಲೇ ಇದ್ದಳು. ಓಡಿ ಬಿಸಿಯಾದ ಟೈರು, ಈಗ ಮೂವತ್ತಾರರಲ್ಲಿ ಇರಲಿ, ನಾಳೆ ತಣ್ಣಗಿರುವಾಗ ಚೀಟಿಯಲ್ಲಿದ್ದಷ್ಟಕ್ಕೆ ಸರಿಮಾಡಿಸು ಎಂದರು ವಿಷ್ಣುತೀರ್ಥರು.

ಕೋಡಂಬಾಕ್ಕಂ ಸೇತುವೆಗೆ ಮೊದಲು ಒಂದು ಉಬ್ಬು ಇದೆ, ಯಾರೋ ಸಿಟ್ಟಿನಿಂದ ಕಟ್ಟಿದಂಥದ್ದು. ಸಂಹಿತಾ ಹಲ್ಲು ಕಚ್ಚಿದಳು. ಕಾರು ಏರಿತು, ಇಳಿಯಿತು, ನಿಂತ ನೀರಿನಂತಾಯಿತು. ಹಾಸಿಗೆಯೇನೂ ಆಗಿರಲಿಲ್ಲ, ರಸ್ತೆ ಹೇಗಿದೆ ಎಂದು ಇನ್ನೂ ಹೇಳುತ್ತಿತ್ತು. ಆದರೆ ಕಿರುಚಿ ಹೇಳುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಚಿನ್ಮಯಿ ತಾತನ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಗಿದ್ದಳು. ಅಲ್ಲಿಂದ ಮುಂದೆ ಎಷ್ಟು ಉಬ್ಬುಗಳು ಬಂದವು ಎಂದು ಸಂಹಿತಾಗೆ ಗೊತ್ತಿಲ್ಲ. ನುಂಗಂಬಾಕ್ಕಂ ಕಳೆದ ಮೇಲೆ ತಾನು ಎಣಿಸುತ್ತಿಲ್ಲವೆಂದು ಅವಳಿಗೇ ಹೊಳೆದು, ಏನನ್ನೋ ಮನೆಯಲ್ಲಿ ಮರೆತು ಬಂದವಳಂತೆ ಒಂದು ಕ್ಷಣ ಗಾಬರಿಯಾಯಿತು.

"ಎಪ್ಪತ್ತೆರಡು," ಎಂದರು ವಿಷ್ಣುತೀರ್ಥರು, ಯಾರೂ ಕೇಳದೆ. ಮತ್ತೆ ಸ್ವಲ್ಪ ಯೋಚಿಸಿ, "ಡ್ರೈವರಿಗೆ ಅರವತ್ತು," ಎಂದು ಸೇರಿಸಿದರು.

ತ್ರಿಪ್ಲಿಕೇನಿನ ಓಣಿಯಲ್ಲಿ, ಮೆಸ್ಸಿನ ಮುಂದೆ ಹೇಗೋ ಜಾಗ ಸಿಕ್ಕಿತು. ರಮಾಬಾಯಿ ಹೊರಗೆ ಬಂದು, ಕಾರನ್ನೂ ಗಂಡನ ಮುಖವನ್ನೂ ಒಂದಾದ ಮೇಲೊಂದು ನೋಡಿದರು.

"ಏನಮ್ಮಾ, ದಾರೀಲಿ ಎಲ್ಲಾದ್ರೂ ಇಳಿದು ಕೂತ್ರಾ ಇವ್ರು?"

"ಒಂದ್ಸಲ ಕೂತ್ರು ಅತ್ತೆ. ಆದ್ರೆ ನಗೋಕೆ."

ಮಗುವನ್ನು ಎತ್ತಿಕೊಂಡು ರಮಾಬಾಯಿ ಒಳಗೆ ಹೋದರು. ವಿಷ್ಣುತೀರ್ಥರು ಕಿಟಕಿಯ ಬಳಿ ಬಗ್ಗಿ, ನಾನು ಸಂಜೀವನಿಗೆ ಏನೂ ಹೇಳುವುದಿಲ್ಲ, ಹೇಳಬೇಕಾದ್ದನ್ನು ನೀನೇ ಹೇಳು, ಊಟಕ್ಕೆ ಎಲೆ ಹಾಕಿಸುತ್ತೇನೆ ಎಂದು ಅವರ ಹಿಂದೆಯೇ ನಡೆದರು.

ಸಂಹಿತಾ ಕಾರಿನಲ್ಲೇ ಕುಳಿತಳು. ಫೋನು ತೆಗೆದಳು, ಇಟ್ಟಳು. ವಿಘ್ನೇಶ್‌ಗೆ ಬರಬೇಡ ಎನ್ನು ಎಂದು ಒಂದು ಮೆಸೇಜು ಹಾಕಿದರೆ ಮುಗಿಯುತ್ತಿತ್ತು. ಆದರೆ ಯಾಕೆ ಎಂದು ಅವನು ಕೇಳದೆ ಇರುತ್ತಾನೆಯೇ? ಐದು ತಿಂಗಳಿನಿಂದ ಅವನ ಕಾರನ್ನು ಬೈದದ್ದು, ಮಗುವಿನ ಮೇಲೆ ಪ್ರೀತಿಯಿಲ್ಲ ಎಂದು ಒಂದು ದಿನ ಅವನನ್ನೇ ಅಂದದ್ದು, ಅವನು ಮಾತಾಡದೆ ಚಕ್ರ ತೊಳೆದದ್ದು ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಹೇಳದೆ ಉಳಿದರೆ ನಾಳೆ ಬೆಳಿಗ್ಗೆ ವಿಘ್ನೇಶ್ ಬಂದೇ ಬರುತ್ತಾನೆ. ಅವಳು ನಂಬರು ಒತ್ತಿದಳು.

ಎರಡನೆಯ ರಿಂಗಿಗೇ ಎತ್ತಿದ ಸಂಜೀವ, ಎಂದಿನಂತೆ ಮಗು ಹೇಗಿದ್ದಾಳೆ ಎಂದು ಕೇಳಿದ.

"ಮಗು ಚೆನ್ನಾಗಿದಾಳೆ. ಸಂಜೀವ, ವಿಘ್ನೇಶ್‌ಗೆ ಬರಬೇಡ ಅಂತ ಹೇಳು. ಕಾರಿನದು ಏನೂ ತಪ್ಪಿಲ್ಲ. ಟೈರಿಗೆ ನಲವತ್ತನಾಲ್ಕು ಹಾಕಿಸ್ತಾ ಇದ್ದೆ, ನಾನು. ಪ್ರತಿ ಸಲ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಅವನು ಕೂತುಕೊಂಡಿರಬೇಕು.

"ಸ್ಟೆಪ್ನಿಗೂ ಹಾಕಿಸಿದ್ಯಾ?" ಎಂದ ಸಂಜೀವ.

"ಹೂಂ," ಎಂದಳು ಸಂಹಿತಾ. "ಅದಕ್ಕೆ ಇನ್ನೂ ಎರಡು ಜಾಸ್ತಿ."